ಸಾಧಾರಣ ಜಾಗ

ಮಳೆ ಮುಖ ತಿರುಗಿಸಿಕೊಂಡು ಹೋಗಿತ್ತು. ಮೆಕ್ಕೆಜೋಳ ಆಳೆತ್ತರ ಬೆಳೆದು ಇನ್ನೇನು ತುದಿಯಲ್ಲಿ ಸೂಲಂಗಿಯ ಹೂ ಒಡೆಯಬೇಕು ಅನ್ನುವ ಹದದಲ್ಲಿತ್ತು. ಈ ಹದದಲ್ಲಿ ನೀರು ತಪ್ಪಿದರೆ ತೆನೆಯೇನೋ ಬರುತ್ತದೆ, ಒಳಗೆ ಕಾಳು ಕೂರುವುದಿಲ್ಲ. ಮನೆಯಲ್ಲಿ ಬೆಳಗಿನ ಕೆಲಸ ಆಗಲೇ ಹಿಡಿದಿತ್ತು. ಕೊಟ್ಟಿಗೆಯಲ್ಲಿ ಹೆಂಡತಿ ಹಸುವಿನ ಕೆಚ್ಚಲು ತೊಳೆಯುತ್ತ ಅದರ ಜೊತೆಗೇ ಜಗಳ ಆಡುತ್ತಿದ್ದಳು. ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಪಾತ್ರೆ ಇಳಿಸುವ ಸದ್ದು. ಅವನು ತೊಟ್ಟಿಯಿಂದ ಕೊಡ ತುಂಬಿಸಿ ಹೆಗಲಿಗೇರಿಸಿ ಹಿಂಬಾಗಿಲಿನಿಂದ ಇಳಿದ. ಅಡುಗೆಮನೆಯ ಕಿಟಕಿ ದಾಟುವಾಗ ಮಾತ್ರ ಸ್ವಲ್ಪ ಬಗ್ಗಿ ನಡೆದ. ಬಗ್ಗಿದ್ದಕ್ಕೆ ತನಗೇ ನಾಚಿಕೆಯಾಗಿ ಮತ್ತೆ ನೆಟ್ಟಗಾದ. ಅಪ್ಪ ಉತ್ತ ಹೊಲ, ತಾನು ಕಟ್ಟಿಸಿದ ತೊಟ್ಟಿ, ಹೆಗಲ ಮೇಲಿರುವುದು ನೀರು, ಕದ್ದ ಮಾಲಲ್ಲ. ಆದರೂ ಆ ಕಿಟಕಿಯ ಹತ್ತಿರ ಬೆನ್ನು ಅವನ ಮಾತು ಕೇಳುತ್ತಿರಲಿಲ್ಲ.

ಅವನು ನೀರು ಹೊತ್ತದ್ದು ಒಂದು ಕಂಬಕ್ಕೆ. ಅದು ಹೊಲದ ಮೇಲ್ತುದಿಯಲ್ಲಿ, ರಸ್ತೆಗೆ ಹತ್ತಿರದ ಮೂಲೆಯಲ್ಲಿತ್ತು. ಎದೆಯೆತ್ತರದ ಕಬ್ಬಿಣದ ಪೈಪು, ಅದರ ತಲೆಯ ಮೇಲೆ ಅಂಗೈಯಗಲದ ಸೋಲಾರ್ ತಟ್ಟೆ, ಕೆಳಗೊಂದು ಬಿಳಿ ಡಬ್ಬಿ, ಡಬ್ಬಿಯಿಂದ ಇಳಿದು ಮಣ್ಣಿನೊಳಗೆ ಹೋದ ಕಪ್ಪು ವೈರು. ಮಣ್ಣಿನಡಿ ಮೊಳದುದ್ದದ ಸಲಾಕೆಯೊಂದು ಕೂತಿದೆ. ಬೇರಿನ ಹತ್ತಿರ ಎಷ್ಟು ತೇವವಿದೆ ಎಂದು ಅದು ಡಬ್ಬಿಗೆ ಹೇಳುತ್ತದೆ, ಡಬ್ಬಿ ತಮ್ಮನ ಹೆಂಡತಿಯ ಫೋನಿಗೆ ಹೇಳುತ್ತದೆ, ತೇವ ಕಡಿಮೆಯಾಗಿದ್ದರೆ ಫೋನು ಮೋಟಾರಿಗೆ ಹೇಳುತ್ತದೆ, ಮೋಟಾರು ತಾನೇ ಹೊರಟು ಇಡೀ ಹೊಲದ ಡ್ರಿಪ್ ಪೈಪುಗಳಿಗೆ ನೀರು ತಳ್ಳುತ್ತದೆ. ಕೇಳಿದ ದಿನವೇ ಅವನಿಗೆ ಅನ್ನಿಸಿತ್ತು: ಒಬ್ಬರ ಮೇಲೊಬ್ಬರು ಚಾಡಿ ಹೇಳುವುದರ ಮೇಲೆಯೇ ನಡೆಯುವ ಯಂತ್ರ ಇದು. ಚಾಡಿ ಹೇಳುವ ಸರಪಳಿಯಲ್ಲಿ ತನ್ನ ಹೆಸರು ಎಲ್ಲಿಯೂ ಇರಲಿಲ್ಲ. ಹೇಳುವವರ ಪೈಕಿ ಇಲ್ಲದವನು ಹೇಳಿಸಿಕೊಳ್ಳುವವರ ಪೈಕಿ ತಾನೇ ಇರಬೇಕು?

ಕೊಡವನ್ನು ಇಳಿಸಿ, ವೈರು ಇಳಿದಿದ್ದ ಜಾಗದ ಸುತ್ತ ನೀರನ್ನು ತೆಳ್ಳಗೆ, ಅವಸರವಿಲ್ಲದೆ ಹೊಯ್ದ. ಹಾಲು ಕುಡಿಸಿದ ಹಾಗೆ. ಹುಲ್ಲಿನ ಎಸಳೊಂದು ಎದ್ದಿತ್ತು, ಕಿತ್ತ. ಬೆರಳಲ್ಲಿ ಮಣ್ಣು ಕೆದಕಿ ಮೃದು ಮಾಡಿ ಅಂಗೈಯಲ್ಲಿ ತಟ್ಟಿದ. ಸುತ್ತಲಿನ ಗಿಡಗಳ ಎಲೆ ಕಡುಹಸಿರಾಗಿ, ಮದುವೆಮನೆಯ ಬಾಗಿಲಲ್ಲಿ ನಿಂತವರಂತೆ ಮೆರೆಯುತ್ತಿತ್ತು. ಡಬ್ಬಿಯ ಕೆಳಗಿನ ಹಸಿರು ದೀಪ ಒಮ್ಮೆ ಮಿನುಗಿ ಆರಿತು. ನೋಡಿಕೊಂಡಿತು, ಅಂದುಕೊಂಡ. ನೋಡಿಕೊಳ್ಳಲಿ. ನೋಡಲಿಕ್ಕೆ ಬಂದವರಿಗೆ ತೋರಿಸಲು ಇಂಥ ಜಾಗವೇ ಬೇಕು.

ಇದನ್ನು ನೆಡಲು ಬಂದವನು ಮೊದಲು ಊರೂರಿನ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ ಮೆಕ್ಯಾನಿಕ್ಕು. ಈಗ ಬೈಕಿನ ಹಿಂದೆ ದೊಡ್ಡದೊಂದು ಪೆಟ್ಟಿಗೆ ಕಟ್ಟಿಕೊಂಡು ಹೊಲಗಳಿಗೆ ಕಂಬ ನೆಡುತ್ತ ತಿರುಗುತ್ತಿದ್ದುದರಿಂದ ಎಲ್ಲರ ಬಾಯಲ್ಲಿ ಪೆಟ್ಟಿಗೆಯವನಾಗಿದ್ದ. ಬೋಳು ತಲೆ, ನಗುವಾಗಲೂ ನಗದ ಕಣ್ಣು. ಬಂದವನೇ ಹೊಲದ ಬದುವಿನ ಮೇಲೆ ನಿಂತು, “ಯಜಮಾನ್ರೇ, ಒಂದು ಸಾಧಾರಣ ಜಾಗ ತೋರಿಸಿ” ಅಂದ. “ಸಾಧಾರಣ ಅಂದ್ರೆ?” “ಅಂದ್ರೆ ತೀರಾ ಒಳ್ಳೇದೂ ಅಲ್ಲ, ತೀರಾ ಕೆಟ್ಟದ್ದೂ ಅಲ್ಲ. ಇಡೀ ಹೊಲದ ಪರವಾಗಿ ಮಾತಾಡೋ ಅಂಥ ಜಾಗ.” “ಹೊಲದ ಪರವಾಗಿ ಮಾತಾಡೋಕೆ ನಾನಿದೀನಲ್ಲ” ಅಂದಿದ್ದ ಅವನು. “ನೀವು ಫೋನಿಗೆ ಬರಲ್ವಲ್ಲ ಯಜಮಾನ್ರೇ” ಎಂದು ಪೆಟ್ಟಿಗೆಯವನು ನಕ್ಕ. ಪಕ್ಕದಲ್ಲಿದ್ದ ತಮ್ಮನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡಳು. ಆ ನಗು ಅವನಿಗೆ ಸಣ್ಣ ಮುಳ್ಳಿನಂತೆ ಚುಚ್ಚಿ ಅಲ್ಲಿಯೇ ಮುರಿಯಿತು. ನಮ್ಮ ಹೊಲದಲ್ಲಿ ಸಾಧಾರಣ ಜಾಗ! ಮನೆಗೆ ಬಂದವರು ಹೆಣ್ಣು ನೋಡಬೇಕು ಅಂದರೆ ಯಾರಾದರೂ ಸಾಧಾರಣದವಳನ್ನು ಹುಡುಕಿ ತಂದು ಕೂರಿಸುತ್ತಾರೆಯೇ? ಅವನು ಬಿರಬಿರನೆ ನಡೆದು ಮೇಲಿನ ಮೂಲೆಗೆ ಬಂದು ಕಾಲಿಂದ ನೆಲ ತಟ್ಟಿ, “ಇಲ್ಲಿ” ಅಂದ. ಅಪ್ಪನೂ ಬಂದವರನ್ನೆಲ್ಲ ಕರೆದುಕೊಂಡು ಬಂದು ನಿಲ್ಲಿಸುತ್ತಿದ್ದುದು ಇಲ್ಲಿಯೇ. ಗೊಬ್ಬರದ ಗಾಡಿ ರಸ್ತೆ ಬಿಟ್ಟು ಮೊದಲು ಇಳಿಯುತ್ತಿದ್ದ ಜಾಗ. ಗಾಡಿ ಇಲ್ಲಿ ಅರ್ಧ ಖಾಲಿಯಾಗಿ, ನಡುಹೊಲ ಮುಟ್ಟುವಾಗ ಮುಕ್ಕಾಲು ಖಾಲಿಯಾಗಿ, ಕೆಳತುದಿಗೆ ಹೋಗುತ್ತಿದ್ದುದು ಬರೀ ಗಾಡಿಯ ಸದ್ದು. ಹೀಗಾಗಿ ಮೇಲೆ ಕೆಂಪು ಮಣ್ಣು ಹಿಡಿಗೆ ಬೆಣ್ಣೆಯಂತೆ ಸಿಗುತ್ತಿತ್ತು. ನಡುಹೊಲದಿಂದ ಕೆಳಕ್ಕೆ ಸುಣ್ಣದ ಪುಡಿಯಂಥ ಬಿಳಿಮಣ್ಣು, ನೀರು ಕುಡಿದದ್ದೂ ಗೊತ್ತಾಗದು, ಒಣಗಿದ್ದೂ ಗೊತ್ತಾಗದು. ಅಲ್ಲಿಗೆ ಅಪ್ಪ ಯಾರನ್ನೂ ಕರೆದೊಯ್ಯುತ್ತಿರಲಿಲ್ಲ. “ಆ ಕಡೆ ಬಿಸಿಲು ಜಾಸ್ತಿ” ಅನ್ನುತ್ತಿದ್ದ, ಬಿಸಿಲು ಇಲ್ಲಿಗೊಂದು ಅಲ್ಲಿಗೊಂದು ಬೀಳುವ ಹಾಗೆ.

ಪೆಟ್ಟಿಗೆಯವನು ಎರಡು ಕೈಹಿಡಿಯ ಬೈರಿಗೆಯನ್ನು ನೆಲಕ್ಕೆ ಕೊಟ್ಟು ತಿರುವಿದ. ಅದರ ಸುರುಳಿಯಲ್ಲಿ ಕೆಂಪು ಮಣ್ಣು ಸುತ್ತಿಕೊಂಡು ಮೇಲೆ ಬಂತು. “ಚೆನ್ನಾಗಿದೆ” ಅಂದ ಪೆಟ್ಟಿಗೆಯವನು, ಆಮೇಲೆ ಕೆಳಹೊಲದ ಕಡೆ ನೋಡಿ, “ಇಡೀ ಹೊಲ ಹೀಗೇನಾ?” “ಮತ್ತೆ?” ಅಂದ ಅವನು. ಹೇಳಿ ಮುಗಿಸಿದ ಮೇಲೆ ತಮ್ಮನ ಹೆಂಡತಿಯ ಮುಖ ನೋಡಿದ. ಅವಳು ಎಷ್ಟೋ ವರ್ಷದಿಂದ ಇದೇ ಹೊಲದಲ್ಲಿ ಕಳೆ ತೆಗೆದವಳು. ಅವಳು ರಸ್ತೆಯ ಕಡೆ ನೋಡುತ್ತಿದ್ದಳು. ಭಾವನ ಮಾತಿನ ಮೇಲೆ ಮಾತಾಡಬಾರದು ಎಂದು ಸುಮ್ಮನಿದ್ದಳೋ, ಇವನ ಸುಳ್ಳು ಎಲ್ಲಿಯವರೆಗೆ ಹೋಗುತ್ತದೆ ನೋಡೋಣ ಎಂದು ಸುಮ್ಮನಿದ್ದಳೋ ಅವನಿಗೆ ತಿಳಿಯಲಿಲ್ಲ.

ಇದೆಲ್ಲ ಅವಳ ತಲೆಯಿಂದ ಬಂದದ್ದು. ಲಾರಿ ಓಡಿಸುವ ತಮ್ಮ ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿ ಇದ್ದರೆ ಹೆಚ್ಚು. ಅವಳು ಸೊಸೈಟಿಯವರು ನಡೆಸಿದ ತರಬೇತಿಗೆ ಹೋಗಿ ಬಂದಳು, ಗಂಡನಿಗೆ ಫೋನಿನಲ್ಲಿ ಹೇಳಿದಳು, ಅವನು ರಾತ್ರಿ ಯಾವುದೋ ಹೆದ್ದಾರಿಯಿಂದ ಫೋನು ಮಾಡಿ “ಅಣ್ಣಾ, ಹಾಕಿಸಿಬಿಡೋಣ, ನಿನಗೂ ಓಡಾಟ ಕಡಿಮೆ ಆಗುತ್ತೆ” ಅಂದ. ಓಡಾಟ ಕಡಿಮೆ ಆಗಲಿ ಎಂದು ಕೇಳಿದವರು ಯಾರು? ಮೋಟಾರಿನ ಹಸಿರು ಗುಂಡಿ ಒತ್ತಿದ್ದು, ನೀರು ಪೈಪಿನಲ್ಲಿ ಗೊರಗೊರ ಎಂದು ಹೊರಟಿದ್ದನ್ನು ಕಿವಿಯಿಟ್ಟು ಕೇಳಿದ್ದು, ಹಿಡಿಮಣ್ಣು ಎತ್ತಿ ಹಿಂಡಿ ನೋಡಿದ್ದು, ಇವೆಲ್ಲ ಓಡಾಟವೇ? ಈಗ ಸ್ಟಾರ್ಟರಿನ ಪೆಟ್ಟಿಗೆಯಲ್ಲಿ ಹೊಸದೊಂದು ತಿರುಗಣೆ ಕೂತು ‘ಆಟೋ’ ಅನ್ನುವ ಕಡೆಗೆ ಮೂತಿ ಮಾಡಿತ್ತು. “ಬೇಕಾದ್ರೆ ಕೈಯಲ್ಲೂ ಹಾಕಬಹುದು ಭಾವ” ಎಂದಿದ್ದಳು ಅವಳು, “ಹಾಕಿದ್ರೆ ಫೋನಲ್ಲಿ ತೋರಿಸುತ್ತೆ ಅಷ್ಟೆ. ಯಾರು ಹಾಕಿದ್ದು ಅಂತ ಅಲ್ಲ, ಹಾಕಿದ್ದು ಅಂತ.” ಈ ಕೊನೆಯ ಮಾತನ್ನು ಅವನು ಎಷ್ಟು ಸಲ ಮಗುಚಿ ಹಾಕಿ ನೋಡಿದ್ದನೋ. ಯಾರು ಅಂತ ಅಲ್ಲ ಎಂದು ಯಾಕೆ ಬಿಡಿಸಿ ಹೇಳಬೇಕಿತ್ತು? ಕೇಳದೆಯೇ ಹೇಳಿದ ಸಮಾಧಾನದೊಳಗೆ ಏನೋ ಅಡಗಿರುತ್ತದೆ.

ಹೆಂಡತಿ ಕಂಬಕ್ಕೆ ಅಳಿಯ ಎಂದು ಹೆಸರಿಟ್ಟಳು. “ನಿಮ್ಮ ಅಳಿಯನಿಗೆ ಸ್ನಾನ ಆಯ್ತಾ?” ಎಂದು, ಬೆಳಿಗ್ಗೆ ಅವನು ಖಾಲಿ ಕೊಡ ಹಿಡಿದು ಬರುವಾಗ ಕೊಟ್ಟಿಗೆಯಿಂದಲೇ ಕೂಗುತ್ತಿದ್ದಳು. “ಬಾಯಿ ಮುಚ್ಚೇ.” “ಯಾಕ್ರೀ, ಮಗಳು ಇಲ್ದೇ ಅಳಿಯ ಸಿಕ್ಕಿದಾನೆ, ಅಷ್ಟು ಉಪಚಾರ ಮಾಡಬಾರದಾ? ನನ್ನ ತವರಿಗೆ ನೀವು ಬಂದಾಗಲೂ ಇಷ್ಟು ಮಾಡಿರಲಿಲ್ಲ ಕಣ್ರೀ.” ಅವಳು ನಗೆಯಲ್ಲಿಯೇ ಹೇಳುತ್ತಿದ್ದಳು, ಅವನೂ ನಗೆಯಲ್ಲಿಯೇ ತಪ್ಪಿಸಿಕೊಳ್ಳುತ್ತಿದ್ದ. ಆದರೆ ‘ಮಗಳು ಇಲ್ದೇ’ ಅನ್ನುವ ತುಂಡು ಕೊಡದ ತಳದಲ್ಲಿ ಉಳಿದ ನೀರಿನ ಹಾಗೆ ಅತ್ತಿತ್ತ ಆಡುತ್ತಿತ್ತು. ಮಕ್ಕಳಾಗಲಿಲ್ಲವೆಂದು ಹಿಂದೊಮ್ಮೆ ಹೋದ ಆಸ್ಪತ್ರೆಯ ಹಸಿರು ಪರದೆ. ಇಬ್ಬರದ್ದೂ ಪರೀಕ್ಷೆ ಆಗಬೇಕು ಎಂದಿದ್ದಳು ಡಾಕ್ಟರಮ್ಮ. ಕುರ್ಚಿಯ ಮೇಲೆ ಚೀಟಿ ಹಿಡಿದು ಕೂತಿದ್ದವನು, ಹೆಂಡತಿ ಒಳಗೆ ಹೋದ ಮೇಲೆ ಎದ್ದು, ಬಿತ್ತನೆಯ ಕಾಲ, ಕೆಲಸ ಇದೆ ಎಂದು ನರ್ಸಿಗೆ ಹೇಳಿ, ಬಸ್ಸು ಹತ್ತಿದ್ದ. ಅವಳ ಕಾಗದದಲ್ಲಿ ಎಲ್ಲ ಸರಿಯಿದೆ ಎಂದು ಬಂತು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಅವಳೂ. ಎತ್ತದೆ ಇದ್ದುದಕ್ಕೆ ಅವನಿಗೆ ಎಷ್ಟೋ ವರ್ಷ ಅವಳ ಮೇಲೆ ಒಳಗೊಳಗೇ ಸಿಟ್ಟಿತ್ತು.

ಸೂಲಂಗಿ ಅಲ್ಲೊಂದು ಇಲ್ಲೊಂದು ಕಾಣಿಸಿಕೊಂಡ ವಾರ, ಮಧ್ಯಾಹ್ನದ ಹೊತ್ತು ನಡುಹೊಲದಿಂದ ಕೆಳಕ್ಕೆ ಗಿಡಗಳು ಎಲೆ ಸುರುಳಿ ಸುತ್ತಿಕೊಂಡವು. ಮೊದಲ ದಿನ ಬಿಸಿಲಿಗೆ ಅಂದುಕೊಂಡ. ಮರುದಿನ ಸಂಜೆಯಾದರೂ ಬಿಚ್ಚಲಿಲ್ಲ. ಅವನು ಸಾಲಿನ ನಡುವೆ ಕೂತು ಬಿಳಿಮಣ್ಣಿಗೆ ಬೆರಳು ತೂರಿಸಿದ. ಬೆರಳು ಬೂದಿಯಲ್ಲಿ ಹೋದಂತೆ ಹೋಯಿತು, ತಣ್ಣಗಿನದು ಏನೂ ತಾಗಲಿಲ್ಲ. ಮೋಟಾರು ಹೊರಟು ಎಷ್ಟು ದಿನವಾಯಿತು? ಕಾಯುವ ಕಿವಿಗೆ ಅದು ಕೇಳಿಸಿಯೇ ಇರಲಿಲ್ಲ. ಯಾಕೆ ಹೊರಡಲಿಲ್ಲ ಅನ್ನುವ ಪ್ರಶ್ನೆ ಎದ್ದಿತು, ಎದ್ದ ಕೂಡಲೇ ಉತ್ತರವೂ ಅದರ ಹಿಂದೆಯೇ ಬಂದು ನಿಂತಿತು, ಮತ್ತು ಅವನು ಎರಡಕ್ಕೂ ಬೆನ್ನು ಹಾಕಿ ಎದ್ದ. ದಿನಕ್ಕೆ ಒಂದು ಕೊಡ ನೀರು ಕುಡಿದು ಕೂತ ಸಲಾಕೆ ತನ್ನ ಹೊಟ್ಟೆ ತುಂಬಿದೆ ಎಂದು ಹೇಳುತ್ತಿದೆ. ಅದು ಊರಿನ ಪರವಾಗಿ ಊಟ ಮಾಡಿದ ಹಾಗೆ. ಮೋಟಾರು ಶೆಡ್ಡಿಗೆ ಹೋಗಿ ತಿರುಗಣೆಯ ಮೇಲೆ ಕೈಯಿಟ್ಟ. ಎಡಕ್ಕೆ ತಿರುವಿ ಗುಂಡಿ ಒತ್ತಿದರೆ ಮುಗಿಯಿತು, ಬೆಳಗಾಗುವುದರೊಳಗೆ ಗಿಡಗಳು ಎಲೆ ಬಿಚ್ಚಿಕೊಳ್ಳುತ್ತವೆ. ಅಡುಗೆಮನೆಯಲ್ಲಿ ಫೋನು ‘ಟಿಣ್’ ಅನ್ನುತ್ತದೆ. ಅವಳು ಹಿಟ್ಟಿನ ಕೈಯನ್ನು ಒರೆಸಿಕೊಂಡು ನೋಡುತ್ತಾಳೆ. ತೇವ ಸಾಕಷ್ಟಿದೆ ಎಂದು ಯಂತ್ರ ಹೇಳುತ್ತಿರುವಾಗ ಭಾವ ಯಾಕೆ ಮೋಟಾರು ಹಾಕಿದರು? ಅವಳು ಕೇಳುವುದಿಲ್ಲ. ಕೇಳದೆ ಇರುತ್ತಾಳೆ, ಅದೇ ಕಷ್ಟ. ತಿರುಗಣೆ ಅಂಗೈಯಲ್ಲಿ ಬೆವರಿನಿಂದ ಜಾರಿತು. ನಾಳೆಯಿಂದ ಕೊಡ ಹೊರುವುದನ್ನು ಬಿಟ್ಟುಬಿಟ್ಟರೆ? ಬಿಟ್ಟರೆ ಒಂದೇ ಸಲಕ್ಕೆ ತೇವ ಇಳಿದದ್ದು ಅವಳ ಫೋನಿನಲ್ಲಿ ಮೆಟ್ಟಿಲಿನಂತೆ ಕಾಣಿಸುತ್ತದೆ, ಇಲ್ಲಿಯವರೆಗೆ ಯಾರೋ ಏರಿಸುತ್ತಿದ್ದರು ಎಂದು ಬೆರಳಿಟ್ಟು ತೋರಿಸುತ್ತದೆ. ಅವನು ಗುಂಡಿ ಒತ್ತದೆ ಮನೆಗೆ ಬಂದ. ಮರುಬೆಳಿಗ್ಗೆ ಕೊಡ ಹೊತ್ತ.

ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟಳು. “ಭಾವ, ಮೇಲಿಂದ ತೆಗೆದ ಫೋಟೋ ಬಂದಿದೆ. ಸ್ಯಾಟಲೈಟಿಂದು.” ಅವರ ಹೊಲ ಅಂಗೈಯಷ್ಟಾಗಿ ಬಿದ್ದಿತ್ತು. ರಸ್ತೆಯ ಮೂಲೆ ಹಸಿರು, ಅಲ್ಲಿಂದ ಹಳದಿ, ಹಳದಿಯಿಂದ ಕೆಳಗೆ ಹುಣ್ಣಿನ ಹಾಗೆ ಕೆಂಪು. ಅಪ್ಪ ಯಾರಿಗೂ ತೋರಿಸದೆ ಸತ್ತದ್ದನ್ನು ಆಕಾಶದಲ್ಲಿ ನಿಂತು ಯಾರೋ ನೋಡಿದ್ದರು. “ಕೆಳಗಡೆ ಬೆಳೆ ಸೊರಗಿದೆ ಅಂತ ತೋರಿಸ್ತಿದೆ” ಅಂದಳು ಅವಳು ಮೆಲ್ಲಗೆ, “ಆದ್ರೆ ಸೆನ್ಸರ್ ಮಾತ್ರ ನೀರು ಸಾಕು ಅಂತಿದೆ. ಯಾವುದು ನಿಜ ಅಂತ ಗೊತ್ತಾಗ್ತಿಲ್ಲ.” ಹೇಳುವಾಗ ಅವನ ಮುಖ ನೋಡಲಿಲ್ಲ, ತಟ್ಟೆಯ ಅಂಚು ನೋಡಿದಳು. ಹೆಂಡತಿ ಬಡಿಸುವ ಕೈ ನಿಲ್ಲಿಸಿ, “ಅಳಿಯ ಹೇಳಿದ್ದೇ ನಿಜ ಇರಬೇಕು, ಅವನ ಹೊಟ್ಟೆ ತುಂಬಿದೆಯಲ್ಲ” ಅಂದಳು. ಮಾತಾಡಿದ ಮೇಲೆ ತುಟಿ ಕಚ್ಚಿದಳು. ಅವನ ಕಿವಿ ಬಿಸಿಯಾಯಿತು. “ಆ ಪೆಟ್ಟಿಗೆಯವನು ಮೋಸ ಮಾಡಿದಾನೆ. ಕೆಟ್ಟ ಮಾಲು ಹೂತು ಹೋಗಿದಾನೆ. ಕರೆಸು ಅವನನ್ನ” ಎಂದು ಗುಡುಗಿದ. ಗುಡುಗು ಅವನಿಗೇ ಚೆನ್ನಾಗಿ ಕೇಳಿಸಿತು. ಅದರ ಹಿಂದೆ ಮಳೆ ಇಲ್ಲವೆಂಬುದೂ ಕೇಳಿಸಿತು.

ಪೆಟ್ಟಿಗೆಯವನು ಮರುದಿನ ಬಂದ, ತಮ್ಮನ ಹೆಂಡತಿಯೂ ಹೊಲಕ್ಕೆ ಬಂದು ನಿಂತಳು. ಡಬ್ಬಿ ಬಿಚ್ಚಿ, ತಂತಿ ಮುಟ್ಟಿ, ತನ್ನ ಫೋನು ನೋಡಿ, “ಸೆನ್ಸರ್ ಸರಿಯಾಗೇ ಇದೆ ಯಜಮಾನ್ರೇ. ಇಲ್ಲಿ ಎಷ್ಟು ತೇವ ಇದೆಯೋ ಅಷ್ಟೇ ಹೇಳ್ತಿದೆ” ಅಂದ. ಪರೀಕ್ಷೆಗೆಂದು ಬೈರಿಗೆಯನ್ನು ಪಕ್ಕದಲ್ಲಿ ಇಳಿಸಿ ತೆಗೆದ. ಕೆಂಪು ಮಣ್ಣು ಪಾಯಸದಂತೆ ಜಾರಿ ಬಿತ್ತು. ಪೆಟ್ಟಿಗೆಯವನು ಅದನ್ನು ನೋಡಿದ, ಕಂಬದ ಸುತ್ತ ಅಂಗೈಯಲ್ಲಿ ತಟ್ಟಿ ತಟ್ಟಿ ನುಣುಪಾದ ನೆಲವನ್ನು ನೋಡಿದ, ಅದರ ಮೇಲೆ ಮೂಡಿದ್ದ ಕೊಡದ ತಳದ ದುಂಡನೆಯ ಗುರುತನ್ನು ನೋಡಿದ. ಕೊನೆಗೆ ತಲೆಯೆತ್ತಿ, “ಇಲ್ಲಿ ಬಹಳ ಚೆನ್ನಾಗಿ ನೋಡ್ಕೊಂಡಿದೀರ” ಅಂದ. ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. “ಏನಯ್ಯಾ ಹಾಗಂದ್ರೆ?” “ಏನಿಲ್ಲ, ಜಾಗ ಬದಲಾಯಿಸೋಣ ಅಂತ...” “ಜಾಗದಲ್ಲಿ ಏನೂ ದೋಷ ಇಲ್ಲ. ದೋಷ ಇರೋದು ನಿನ್ನ ಯಂತ್ರದಲ್ಲಿ. ಸುಟ್ಟ ಮೋಟಾರಿಗೆ ಹಳೇ ತಂತಿ ಸುತ್ತಿ ಹೊಸದು ಅಂದವನಲ್ಲವಾ ನೀನು?” ಆ ಮಾತು ಸುಳ್ಳು, ಪೆಟ್ಟಿಗೆಯವನು ಹಾಗೆ ಮಾಡಿದವನಲ್ಲ, ಮಾಡಿದವನು ಬೇರೊಬ್ಬ. ಪೆಟ್ಟಿಗೆಯವನ ಬೋಳು ತಲೆ ಕೆಂಪಾಯಿತು. “ಯಜಮಾನ್ರೇ, ಮಾತು ಬೇಡ” ಅಂದು ಬಗ್ಗಿ ಸಾಮಾನು ತುಂಬತೊಡಗಿದ. ಇವನು ಬೈರಿಗೆಯನ್ನು ಕಾಲಲ್ಲಿ ಒತ್ತಿ ಹಿಡಿದ. “ಇದು ಇಲ್ಲೇ ಇರುತ್ತೆ. ಯಂತ್ರ ಸರಿಯಾಗಿ ನಡೀಲಿ, ಆಮೇಲೆ ಬಂದು ಬಿಡಿಸ್ಕೊಂಡು ಹೋಗು.” “ಅದಿಲ್ದೇ ನನ್ನ ಕೆಲಸ ನಡೆಯಲ್ಲ.” “ನನ್ನ ಹೊಲವೂ ನಡೀತಿಲ್ಲ.” ಪೆಟ್ಟಿಗೆಯವನು ತಮ್ಮನ ಹೆಂಡತಿಯ ಕಡೆ ನೋಡಿದ. ಅವಳು ಕಣ್ಣಲ್ಲೇ ಏನೋ ಹೇಳಿರಬೇಕು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದೂ ಇರಬಹುದು. ಪೆಟ್ಟಿಗೆಯವನು ಬೈರಿಗೆ ಬಿಟ್ಟು ಬೈಕು ಹತ್ತಿದ. ಅವನ ಬೆನ್ನು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಇವನು ಗೆದ್ದವನ ಹಾಗೆ ನಿಂತು, ಬೈರಿಗೆಯನ್ನು ತಂದು, ಶೆಡ್ಡಿನಲ್ಲಿ ಡೀಸೆಲ್ ಡ್ರಮ್ಮಿನ ಹಿಂದೆ, ಹಿಡಿ ಗೋಡೆಗೆ ತಾಗುವಂತೆ ಒರಗಿಸಿಟ್ಟ. ಮಾರನೆಯ ದಿನ ಸೊಸೈಟಿಯ ಗೊಬ್ಬರದ ಸರತಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತಾಗ, ಸಿಕ್ಕವರಿಗೆಲ್ಲ ಪೆಟ್ಟಿಗೆಯವನ ಮೋಸದ ಕಥೆ ಹೇಳಿದ. ಪ್ರತಿ ಸಲ ಹೇಳುವಾಗಲೂ ಕಥೆ ಸ್ವಲ್ಪ ಸ್ವಲ್ಪ ನಿಜವಾಗುತ್ತ ಬಂತು.

ಆ ಸಂಜೆ ಅವನು ಮನೆಗೆ ಬರುವಾಗ ಮೋಟಾರು ಓಡುತ್ತಿತ್ತು. ದಾರಿಯಲ್ಲಿಯೇ ಕೇಳಿಸಿತು, ತಲೆಯ ಮೇಲಿದ್ದ ಚೀಲ ಹಗುರವಾಯಿತು. ಎರಡು ದಿನ ಬಿಟ್ಟು ಮತ್ತೆ ತಾನೇ ಹೊರಟಿತು. ಕೆಳಹೊಲದ ಎಲೆಗಳು ಒಂದೊಂದಾಗಿ ಬಿಚ್ಚಿ ಮಲಗಿದವು. ಸೂಲಂಗಿ ಒಮ್ಮೆಲೇ ಎದ್ದು, ಗಾಳಿಗೆ ಹಳದಿ ಹುಡಿ ಉದುರಿಸತೊಡಗಿತು. ತೆನೆಗಳ ತುದಿಯಲ್ಲಿ ನಸುಗೆಂಪು ಕೂದಲು ಒದ್ದೆಯಾಗಿ ಇಳಿಬಿತ್ತು. “ಬೈದ ಮೇಲೆ ಬುದ್ಧಿ ಬಂತು ನೋಡು ಯಂತ್ರಕ್ಕೆ” ಎಂದು ಹೆಂಡತಿಯ ಹತ್ತಿರ ಅಂದ. “ಹೂಂ, ಯಂತ್ರಕ್ಕೆ ಬಂತು” ಅಂದಳು ಅವಳು. ಕೊಡ ಹೊರುವುದನ್ನು ಅವನು ಬಿಡಲಿಲ್ಲ. ಬಿಟ್ಟರೆ ಹಿಂದಿನದ್ದು ಒಪ್ಪಿದ ಹಾಗೆ. ಬಿಡದೆಯೂ ಯಂತ್ರ ಸರಿಯಾಗಿ ಹೇಳುತ್ತಿದೆ ಎಂದರೆ ತನ್ನ ಕೊಡದ ನೀರಿನಿಂದ ಏನೂ ಆಗಿರಲಿಲ್ಲ ಎಂದಾಯಿತಲ್ಲ? ಈ ಯೋಚನೆಯಲ್ಲಿ ಒಂದೆರಡು ದಿನ ಸುಖವಾಗಿದ್ದ. ಸುಖದ ನಡುವೆ ಒಂದು ಬೆಳಿಗ್ಗೆ ಡಬ್ಬಿಯ ಹಸಿರು ದೀಪ ಮಿನುಗದ್ದು ಗಮನಕ್ಕೆ ಬಂತು. ಕೂತು ಕಾದ. ಕೈಯಿಂದ ನೆರಳು ಮಾಡಿ ನೋಡಿದ. ಮಿನುಗಲಿಲ್ಲ. ಕಣ್ಣು ಮುಚ್ಚಿಕೊಂಡು ನೋಡುತ್ತಿದೆ, ಅಂದುಕೊಂಡ. ಈಗೀಗ ತಮ್ಮನ ಹೆಂಡತಿಯೂ ಹೀಗೆಯೇ. ತಟ್ಟೆ ಇಡುವಾಗ ಮುಖ ನೋಡುವುದಿಲ್ಲ, ಆದರೆ ಅನ್ನ ಸಾಕೋ ಬೇಕೋ ಅವಳಿಗೆ ಗೊತ್ತಿರುತ್ತದೆ.

ಡ್ರಮ್ಮಿನಿಂದ ಡೀಸೆಲ್ ಬಗ್ಗಿಸಲು ಶೆಡ್ಡಿಗೆ ಹೋದದ್ದು ತೆನೆಗಳಲ್ಲಿ ಕಾಳು ಕೂತ ಮೇಲೆ, ಒಂದು ಮಧ್ಯಾಹ್ನ. ಬೈರಿಗೆಯ ಹಿಡಿ ಗೋಡೆಗೆ ತಾಗಿರಲಿಲ್ಲ, ಈ ಕಡೆಗೆ ಚಾಚಿಕೊಂಡಿತ್ತು. ಎತ್ತಿ ಬೆಳಕಿಗೆ ತಂದ. ಸುರುಳಿಯ ಸಂದುಗಳಲ್ಲಿ ಮಣ್ಣು ಒಣಗಿ ಕೂತಿತ್ತು. ಬಿಳಿಮಣ್ಣು. ಅವನು ಉಗುರಿನಿಂದ ಒಂದು ಚೂರು ಕೆರೆದು ಬೆರಳ ನಡುವೆ ಉಜ್ಜಿದ, ಸುಣ್ಣದಂತೆ ಹುಡಿಯಾಯಿತು. ಬೈರಿಗೆಯನ್ನು ತಾನು ಇಲ್ಲಿಟ್ಟಾಗ ಅದಕ್ಕೆ ಮೆತ್ತಿದ್ದುದು ಕೆಂಪು. ಈ ಮನೆಯಲ್ಲಿ ಯಾವ ಮಣ್ಣು ಎಲ್ಲಿಯದು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಹೊಲದ ಮೇಲಿನ ಮೂಲೆಗೆ ನಡೆದ, ಓಡುತ್ತಿಲ್ಲ ಎಂದು ತನಗೇ ತೋರಿಸಿಕೊಳ್ಳುತ್ತ ನಡೆದ. ಕಂಬದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಪ್ಪು ವೈರನ್ನು ಹಿಡಿದು ಎಳೆದ. ಅದು ಮೂಲಂಗಿ ಕಿತ್ತಷ್ಟೂ ತಡೆಯಲಿಲ್ಲ. ಗೇಣುದ್ದ ಮೇಲೆ ಬಂತು, ಮುಗಿಯಿತು. ತುದಿಗೆ ಸಲಾಕೆ ಇರಲಿಲ್ಲ. ಮಳೆನೀರು ಒಳಗಿಳಿಯದಂತೆ ಟೇಪು ಸುತ್ತಿತ್ತು, ನೀಟಾಗಿ. ಡಬ್ಬಿಯ ಮುಚ್ಚಳ ತಿರುವಿದ. ಒಳಗೆ ಯಂತ್ರವಿರಲಿಲ್ಲ, ಒಂದು ಸತ್ತ ಜೇಡ, ಅದರ ಬಲೆ. ಇಷ್ಟು ದಿನ ತಾನು ಮೀಯಿಸಿದ್ದು, ಸುತ್ತ ಹುಲ್ಲು ಕಿತ್ತದ್ದು, ಬಗ್ಗಿ ಬಗ್ಗಿ ನಡೆದು ಬಂದದ್ದು ಒಂದು ಕಬ್ಬಿಣದ ಪೈಪಿಗೆ.

ನಿಜವಾದದ್ದು ನಡುಹೊಲದಲ್ಲಿ ಸಿಕ್ಕಿತು, ಬಿಳಿಮಣ್ಣು ಶುರುವಾಗುವಲ್ಲಿ, ತೀರಾ ಒಳ್ಳೆಯದೂ ಅಲ್ಲದ ತೀರಾ ಕೆಟ್ಟದ್ದೂ ಅಲ್ಲದ ಸಾಲೊಂದರ ನಡುವೆ. ಗಿಡಗಳಿಗಿಂತ ಕುಳ್ಳಗಿನ ಗೂಟ. ದೂರದಿಂದ ಯಾರಿಗೂ ಕಾಣದು. ಹೊಸ ಡಬ್ಬಿಯನ್ನು ಗೂಟಕ್ಕೆ ಕಟ್ಟಿದ್ದ ಬಟ್ಟೆಯ ಪಟ್ಟಿ ತಮ್ಮನ ಹೆಂಡತಿಯ ಹಳೆಯ ನೀಲಿ ಸೀರೆಯ ಅಂಚು. ಅವನು ನಿಂತು ನೋಡುತ್ತಿರುವಾಗ ಹಸಿರು ದೀಪ ಮಿನುಗಿತು. ಅವನಿಗೆ ಥಟ್ಟನೆ ಒಂದು ಹೆಜ್ಜೆ ಹಿಂದೆ ಸರಿಯಬೇಕೆನಿಸಿತು. ಗೊಬ್ಬರದ ಸರತಿಯಲ್ಲಿ ತಾನು ನಿಂತಿದ್ದ ದಿನ ಪೆಟ್ಟಿಗೆಯವನು ಬಂದಿದ್ದಾನೆ, ಅವಮಾನ ನುಂಗಿಕೊಂಡು ಬಂದಿದ್ದಾನೆ; ಅಡ ಇಟ್ಟುಕೊಂಡ ಬೈರಿಗೆಯನ್ನು ಎತ್ತಿಕೊಂಡು ಇಲ್ಲಿ ಕೊರೆದು, ಕೊರೆದ ಮೇಲೆ ತೆಗೆದುಕೊಂಡು ಹೋಗದೆ ಮತ್ತೆ ಡ್ರಮ್ಮಿನ ಹಿಂದೆ ಇಟ್ಟು ಹೋಗಿದ್ದಾನೆ. ತೆಗೆದುಕೊಂಡು ಹೋಗಿದ್ದರೆ ಯಜಮಾನನಿಗೆ ಗೊತ್ತಾಗುತ್ತಿತ್ತು. ಇಡಬೇಕು ಎಂದು ಹೇಳಿದವಳು ತಮ್ಮನ ಹೆಂಡತಿಯೇ. ಕಂಬ ಅಲ್ಲಿಯೇ ಇರಲಿ ಎಂದವಳೂ ಇವಳೇ. ಕೊಟ್ಟಿಗೆಯಿಂದ ಹೆಂಡತಿ ನೋಡಿರುತ್ತಾಳೆ. ಮೂವರೂ ಕೂಡಿ ಅವನ ಮರ್ಯಾದೆಯನ್ನು ಮಗುವನ್ನು ಎತ್ತಿ ಮಲಗಿಸಿದ ಹಾಗೆ, ಎಚ್ಚರವಾಗದಂತೆ ಎತ್ತಿ ಪಕ್ಕಕ್ಕಿಟ್ಟಿದ್ದರು. ದಯೆಯೋ, ತಮಾಷೆಯೋ? ಬೆಳಿಗ್ಗೆ ಕೊಡ ಹೊತ್ತು ಹೋಗುವಾಗ ಕಿಟಕಿಯ ಹಿಂದೆ ತಮ್ಮನ ಹೆಂಡತಿ ನಿಟ್ಟುಸಿರು ಬಿಡುತ್ತಿದ್ದಳೋ, ಸೆರಗು ಬಾಯಿಗೊತ್ತಿಕೊಳ್ಳುತ್ತಿದ್ದಳೋ? ಚಿಕ್ಕಂದಿನಲ್ಲಿ, ಶಾಲೆಗೆ ಸಾಹೇಬರು ತನಿಖೆಗೆ ಬರುವ ದಿನ ಮೇಷ್ಟ್ರು ಹಿಂದಿನ ಬೆಂಚಿನಿಂದ ಅವನನ್ನು ಕರೆದು, ಹೆಗಲ ಮೇಲೆ ಕೈಯಿಟ್ಟು, “ನೀನು ಗಟ್ಟಿಗ, ಹೋಗಿ ಒಂದು ಕೊಡ ನೀರು ತಗೊಂಡು ಬಾ. ಅವಸರ ಏನಿಲ್ಲ” ಎಂದಿದ್ದರು. ಎಲ್ಲರನ್ನೂ ಬಿಟ್ಟು ತನ್ನನ್ನು ಆರಿಸಿದರು ಎಂದು ಎದೆಯುಬ್ಬಿಸಿಕೊಂಡು ಹೋಗಿ, ಚೆಲ್ಲದಂತೆ ಹೊತ್ತು ತಂದಾಗ ಸಾಹೇಬರ ಜೀಪು ಧೂಳೆಬ್ಬಿಸಿ ಹೋಗುತ್ತಿತ್ತು. ಮುಂದಿನ ಬೆಂಚಿನ ಹುಡುಗರು ಪೆಪ್ಪರ್‌ಮಿಂಟು ಚೀಪುತ್ತಿದ್ದರು. ಮೇಷ್ಟ್ರು ನೀರನ್ನು ಗಿಡಕ್ಕೆ ಹಾಕು ಅಂದರು. ಅವರ ದನಿಯಲ್ಲಿ ಆವತ್ತೂ ವ್ಯಂಗ್ಯವಿರಲಿಲ್ಲ.

ಸಂಜೆ ಬೈರಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಪೇಟೆಗೆ ಹೋದ. ಹೊರಡುವ ಮುಂಚೆ ತೊಟ್ಟಿಯ ಹತ್ತಿರ ನಿಲ್ಲಿಸಿ, ತೊಳೆಯಬೇಕೆಂದು ಚೊಂಬು ಎತ್ತಿದ. ಎತ್ತಿದ ಚೊಂಬನ್ನು ಹಾಗೆಯೇ ಇಟ್ಟ. ಪೆಟ್ಟಿಗೆಯವನ ಅಂಗಡಿ ಒಂದು ಮೆಟ್ಟಿಲು ಕೆಳಗಿಳಿಯುವ ಕೋಣೆ, ವಾರ್ನಿಷಿನ ವಾಸನೆ, ಗೋಡೆಯ ತುಂಬ ತಾಮ್ರದ ತಂತಿಯ ಸುರುಳಿಗಳು. ಅವನು ಟೇಬಲ್ ಫ್ಯಾನೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಇವನು ಬೈರಿಗೆಯನ್ನು ಮೇಜಿನ ಮೇಲೆ, ಬಿಳಿಮಣ್ಣಿನ ಸುರುಳಿ ಅವನ ಕಡೆಗೆ ಬರುವಂತೆ ಇಟ್ಟು, “ತಗೋ” ಅಂದ. ಪೆಟ್ಟಿಗೆಯವನು ಮಣ್ಣು ನೋಡಿದ, ಇವನನ್ನು ನೋಡಿದ, ಫ್ಯಾನಿನ ಒಳಗೆ ನೋಡಿದ. ಇವನಿಗೆ ಹೇಳಬೇಕಾದ ಮಾತೊಂದಿತ್ತು. ಸರತಿಯಲ್ಲಿ ನಿಂತು ಊರಿಗೆಲ್ಲ ಹೇಳಿದ್ದನ್ನು ಮತ್ತೆ ಊರಿಗೆಲ್ಲ ಹೋಗಿ ಹಿಂತೆಗೆದುಕೊಂಡು ಬರಬೇಕಾದ ಮಾತು. “ತೊಳೆದಿಲ್ಲ” ಅಂದ. “ಪರವಾಗಿಲ್ಲ ಬಿಡಿ ಯಜಮಾನ್ರೇ” ಅಂದ ಪೆಟ್ಟಿಗೆಯವನು, “ಕೂತ್ಕೊಳಿ, ಟೀ ಹೇಳ್ತೀನಿ.” “ಕತ್ತಲಾಗುತ್ತೆ.” ಮೆಟ್ಟಿಲು ಹತ್ತಿದವನು ಒಮ್ಮೆ ತಿರುಗಿ, “ಕಾಳು ಚೆನ್ನಾಗಿ ಕೂತಿದೆ” ಅಂದ. “ನಡುಹೊಲದಲ್ಲೂ.” ಅದಕ್ಕಿಂತ ಮುಂದೆ ಬಾಯಿ ಹೋಗಲಿಲ್ಲ. ಸೈಕಲ್ಲು ತಳ್ಳುವಾಗ ಯೋಚನೆ ಬಂತು: ಇವನು ಈಗಲೇ ಅವಳಿಗೆ ಫೋನು ಮಾಡುತ್ತಾನೆಯೇ? ತನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಗಿ, ಅವಳಿಗೆ ಗೊತ್ತಾಗಿದೆ ಎಂದು ತನಗೆ...

ಮನೆಯ ಮುಂದೆ ತಮ್ಮನ ಹೆಂಡತಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಫೋನು ಕಟ್ಟೆಯ ಮೇಲಿತ್ತು, ಕರ್ರಗೆ, ಮಲಗಿದ ಹಾಗೆ. ಅವನು ಸೈಕಲ್ಲಿಗೆ ಸ್ಟಾಂಡು ಹಾಕಿದ. ಅವಳು ಮಡಚುತ್ತಿದ್ದ ಬಟ್ಟೆಯಿಂದ ಕಣ್ಣೆತ್ತದೆ, “ಭಾವ, ನಾಳೆ ಬೆಳಿಗ್ಗೆ ನಿಮಗೆ ಕೊಡ ಬೇಕಾ?” ಅಂದಳು. ಬರೀ ಕೊಡದ ಮಾತು. ಅವಳಿಗೂ ಬೇಕಾಗಿರಬಹುದು, ತೊಟ್ಟಿ ತೊಳೆಯುವ ದಿನ. ಬೇಡ ಎಂದರೆ ಎರಡಕ್ಷರದಲ್ಲಿ ಮುಗಿಯುತ್ತಿತ್ತು. ಎಲ್ಲ ಗೊತ್ತಾಗಿದೆ ಎಂದು ಒಪ್ಪಿದ ಹಾಗಾಗಿ, ಇಬ್ಬರೂ ತಲೆಯೆತ್ತಿ ಒಬ್ಬರ ಮುಖ ಒಬ್ಬರು ನೋಡಬಹುದಿತ್ತು. ಕೊಟ್ಟಿಗೆಯಲ್ಲಿ ಹೆಂಡತಿ ಹಸುವಿನ ಜೊತೆ ಜಗಳ ನಿಲ್ಲಿಸಿ ಕಿವಿಗೊಟ್ಟಿದ್ದಳು.

“ಬೇಕಮ್ಮ” ಅಂದ.

“ಆಯ್ತು, ತುಂಬಿಸಿಟ್ಟಿರ್ತೀನಿ” ಅಂದಳು ಅವಳು. “ಅವಸರ ಏನಿಲ್ಲ.”

ಬೆಳಿಗ್ಗೆ ಕೊಡ ಹಿಂಬಾಗಿಲಿನ ಮೆಟ್ಟಿಲ ಮೇಲಿತ್ತು, ಕಂಠದವರೆಗೆ ತುಂಬಿ, ಧೂಳು ಬೀಳದಂತೆ ತಟ್ಟೆ ಮುಚ್ಚಿಸಿಕೊಂಡು. ಅವನು ತಟ್ಟೆ ತೆಗೆದಿಟ್ಟು ಕೊಡವನ್ನು ಹೆಗಲಿಗೇರಿಸಿದ. ಕಿಟಕಿಯ ಹತ್ತಿರ ಬಗ್ಗಲಿಲ್ಲ, ಅತ್ತ ನೋಡಲೂ ಇಲ್ಲ. ಮೇಲಿನ ಮೂಲೆಗೆ ಬಂದು, ಕೊಡ ಇಳಿಸಿ, ಎಂದಿನಂತೆ ಕುಕ್ಕರುಗಾಲಿನಲ್ಲಿ ಕೂತು, ವೈರು ಇಳಿದಿದ್ದ ತೂತಿನ ಸುತ್ತ ತೆಳ್ಳಗೆ ಹೊಯ್ಯತೊಡಗಿದ. ಎಷ್ಟೋ ದಿನದಿಂದ ಕುಡಿದು ಕುಡಿದು ಆ ನೆಲಕ್ಕೆ ಸಾಕಾಗಿತ್ತು. ನೀರು ಕೆಳಗಿಳಿಯಲಿಲ್ಲ. ತಟ್ಟಿದ ಕೆಂಪು ಮಣ್ಣಿನ ಮೇಲೆ ಒಂದು ಗಳಿಗೆ ನಿಂತು, ಆಮೇಲೆ ಮೆಲ್ಲಗೆ ಹಿಂದಿರುಗಿ ಹರಿದು, ಅವನ ಎರಡೂ ಪಾದಗಳ ಕೆಳಗೆ ಬಂದು ಸೇರಿಕೊಂಡಿತು. ಅವನು ಕಾಲು ತೆಗೆಯದೆ, ಕೊಡ ಪೂರ್ತಿ ಖಾಲಿಯಾಗುವವರೆಗೂ ಹೊಯ್ದ.